ಸನ್‌ಡ್ಯೂ ಬೆಳೆಸುವುದು ಮತ್ತು ಕೀಟಾಹಾರಿ ಸಸ್ಯಗಳ ಅಸಹಜ ಬೆಳವಣಿಗೆಯನ್ನು ಗಮನಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸನ್‌ಡ್ಯೂ ಎಂದರೆ ಯಾವ ಗಿಡ? ಅದರ ಎಲೆಗಳ ಮೇಲೆ ಹೊಳೆಯುವುದು ಇಬ್ಬನಿಯೇ?

ಇಬ್ಬನಿಯಲ್ಲ. ಇಬ್ಬನಿ ಬಿಸಿಲೇರುತ್ತಿದ್ದಂತೆ ಆರಿಹೋಗುತ್ತದೆ. ಸನ್‌ಡ್ಯೂ ಎಲೆಯ ಹನಿಗಳು ನಡುಮಧ್ಯಾಹ್ನದ ಬಿಸಿಲಿನಲ್ಲಿಯೂ ಹಾಗೆಯೇ ಮಿನುಗುತ್ತಿರುತ್ತವೆ. ಡ್ರಾಸೆರಾ ಕುಲಕ್ಕೆ ಸೇರಿದ ಇನ್ನೂರಕ್ಕೂ ಹೆಚ್ಚು ಪ್ರಭೇದಗಳನ್ನು ಒಟ್ಟಾಗಿ ಸನ್‌ಡ್ಯೂ ಎಂದು ಕರೆಯುತ್ತಾರೆ. ಕುಲದ ಹೆಸರು ಕೂಡ ಇಬ್ಬನಿ ಎಂಬ ಅರ್ಥದ ಗ್ರೀಕ್ ಪದದಿಂದಲೇ ಬಂದಿದೆ. ಎಲೆಯ ಮೇಲ್ಮೈಯಲ್ಲಿ ಗುಂಡುಸೂಜಿಗಳಂತೆ ಎದ್ದು ನಿಂತ ಗ್ರಂಥಿರೋಮಗಳಿರುತ್ತವೆ. ಪ್ರತಿಯೊಂದರ ತುದಿಯಲ್ಲಿರುವ ಗ್ರಂಥಿ ತುಸು ಆಮ್ಲೀಯವಾದ ಅಂಟುಲೋಳೆಯನ್ನು ಸ್ರವಿಸುತ್ತದೆ. ಹನಿಗೆ ಕಾಲು ತಗುಲಿಸಿದ ಸಣ್ಣ ನೊಣ ಕಾಲನ್ನು ಎಳೆದುಕೊಂಡಷ್ಟೂ ಲೋಳೆ ನೂಲಿನಂತೆ ಹಿಗ್ಗುತ್ತದೆಯೇ ಹೊರತು ಹಿಡಿತ ಬಿಡುವುದಿಲ್ಲ. ಅಷ್ಟರಲ್ಲಿ ಅಕ್ಕಪಕ್ಕದ ರೋಮಗಳೂ ಬಾಗಿ ಬರುತ್ತವೆ, ಪ್ರೋಟೀನು ಮತ್ತು ಕೀಟದ ಹೊರಕವಚದ ವಸ್ತುವಾದ ಕೈಟಿನ್ನನ್ನು ಒಡೆಯುವ ಕಿಣ್ವಗಳು ಸ್ರವಿಸುತ್ತವೆ, ಕೀಟದ ದೇಹದಲ್ಲಿದ್ದ ಸಾರಜನಕ ಮತ್ತು ರಂಜಕ ನಿಧಾನವಾಗಿ ಎಲೆಯನ್ನು ಸೇರುತ್ತವೆ. ಗಿಡಕ್ಕೆ ಶಕ್ತಿ ಬರುವುದು ಮಾತ್ರ ಬೇರೆಲ್ಲ ಹಸಿರು ಗಿಡಗಳಂತೆ ಬೆಳಕಿನಿಂದಲೇ. ಕೀಟ ಅದಕ್ಕೆ ಗೊಬ್ಬರದ ಬದಲು. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಅನೇಕ ಪ್ರಶ್ನೆಗಳು ಅರ್ಧ ಬಗೆಹರಿದಂತೆಯೇ.

ಮೊದಲ ಬಾರಿಗೆ ಬೆಳೆಸುವವರು ಯಾವ ಪ್ರಭೇದವನ್ನು ಆರಿಸಿಕೊಳ್ಳಬೇಕು?

ದಕ್ಷಿಣ ಆಫ್ರಿಕದ ಕೇಪ್ ಪ್ರದೇಶದ ಡ್ರಾಸೆರಾ ಕಾಪೆನ್ಸಿಸ್ ಆರಿಸಿಕೊಳ್ಳಿ. ಅದಕ್ಕೆ ಚಳಿಗಾಲದ ನಿದ್ರೆ ಬೇಕಿಲ್ಲ, ಮೇಲಿನ ಭಾಗ ಒಣಗಿಹೋದರೂ ಬಹಳ ಸಲ ಬೇರಿನಿಂದ ಮತ್ತೆ ಚಿಗುರುತ್ತದೆ, ತನ್ನ ಹೂವಿಗೆ ತಾನೇ ಪರಾಗಸ್ಪರ್ಶ ಮಾಡಿಕೊಂಡು ಹೇರಳವಾಗಿ ಬೀಜ ಕಟ್ಟುತ್ತದೆ. ಉದ್ದನೆಯ ಪಟ್ಟಿಯಂಥ ಅದರ ಎಲೆ ಬೇಟೆಯ ಸುತ್ತ ಮಡಚಿಕೊಳ್ಳುವುದನ್ನು ಬರಿಗಣ್ಣಿನಿಂದಲೇ ನೋಡಬಹುದು. ಚಮಚದಾಕಾರದ ಎಲೆಗಳು ನೆಲಕ್ಕಂಟಿಕೊಂಡು ಚಕ್ರದಂತೆ ಹರಡುವ ಡ್ರಾಸೆರಾ ಸ್ಪ್ಯಾಚುಲೇಟಾ ಕೂಡ ಸುಲಭದ್ದೇ. ಅಸಹಜ ಬೆಳವಣಿಗೆಯಲ್ಲಿ ಆಸಕ್ತಿ ಇರುವವರು ಮೊದಲು ಇಂಥ ಸಾಮಾನ್ಯ ಪ್ರಭೇದವನ್ನು ಒಂದು ವರ್ಷವಾದರೂ ಬೆಳೆಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಸಹಜವಾದದ್ದು ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗದೆ ಅಸಹಜವಾದದ್ದನ್ನು ಗುರುತಿಸಲು ಆಗುವುದಿಲ್ಲ.

ಮಣ್ಣು, ನೀರು, ಬೆಳಕು ಹೇಗಿರಬೇಕು?

ಸನ್‌ಡ್ಯೂಗಳು ಸಾರವಿಲ್ಲದ, ಸದಾ ತೇವವಾದ, ಆಮ್ಲೀಯ ನೆಲದಲ್ಲಿ ಬೆಳೆಯುವ ಗಿಡಗಳು. ತೋಟದ ಮಣ್ಣು, ಕಾಂಪೋಸ್ಟ್, ಗೊಬ್ಬರ ಬೆರೆಸಿದ ಕುಂಡದ ಮಿಶ್ರಣ ಇವೆಲ್ಲ ಅವುಗಳ ಬೇರನ್ನು ಸುಡುತ್ತವೆ. ಗೊಬ್ಬರ ಸೇರಿಸದ ಸ್ಫ್ಯಾಗ್ನಮ್ ಪೀಟ್ (ಜೌಗಿನಲ್ಲಿ ಅರೆಕೊಳೆತ ಪಾಚಿಯ ಪುಡಿ) ಮತ್ತು ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಖನಿಜದ ಹರಳು) ಸಮಪ್ರಮಾಣದಲ್ಲಿ ಬೆರೆಸಿದರೆ ಸಾಕು. ಪರ್ಲೈಟ್ ಬದಲು ತೊಳೆದ ಸಿಲಿಕಾ ಮರಳನ್ನೂ ಬಳಸಬಹುದು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿರುವ ಸಾಧ್ಯತೆ ಇರುವುದರಿಂದ ಹಲವು ಬಾರಿ ಶುದ್ಧ ನೀರಿನಲ್ಲಿ ತೊಳೆಯದೆ ಅದನ್ನು ನಂಬುವಂತಿಲ್ಲ.

ನೀರಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಮಳೆನೀರು, ಬಟ್ಟಿ ಇಳಿಸಿದ ನೀರು ಅಥವಾ ಆರ್‌ಒ ಯಂತ್ರದ ನೀರನ್ನೇ ಬಳಸಬೇಕು. ನೀರಿನಲ್ಲಿ ಕರಗಿದ ಲವಣಗಳನ್ನು ತೋರಿಸುವ ಟಿಡಿಎಸ್ ಮೀಟರಿನಲ್ಲಿ ಅಳೆದರೆ 50 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 50 ಭಾಗ) ಕಡಿಮೆ ಇರುವುದು ಕ್ಷೇಮ. ಕುಡಿಯಲು ಯೋಗ್ಯವಾದ ನೀರು ಸನ್‌ಡ್ಯೂಗೂ ಯೋಗ್ಯ ಎಂದೇನಿಲ್ಲ, ಏಕೆಂದರೆ ಗಡಸು ನೀರಿನ ಲವಣಗಳು ತಿಂಗಳುಗಟ್ಟಲೆ ಪೀಟ್‌ನಲ್ಲಿ ಸೇರುತ್ತ ಹೋಗಿ, ಗಿಡ ಸೊರಗಿದ ಮೇಲಷ್ಟೇ ತಮ್ಮ ಇರವನ್ನು ತೋರಿಸುತ್ತವೆ. ಕುಂಡವನ್ನು ತಟ್ಟೆಯಲ್ಲಿಟ್ಟು, ತಟ್ಟೆಯಲ್ಲಿ 1ರಿಂದ 2 ಸೆಂಟಿಮೀಟರ್ ನೀರು ನಿಲ್ಲುವಂತೆ ನೋಡಿಕೊಂಡರೆ ಮೇಲಿನಿಂದ ನೀರು ಹಾಕುವ ಅಗತ್ಯವೇ ಬರುವುದಿಲ್ಲ.

ಬೆಳಕು ಧಾರಾಳವಾಗಿರಬೇಕು. ದಿನಕ್ಕೆ ಕೆಲವು ಗಂಟೆಗಳ ನೇರ ಬಿಸಿಲು, ಇಲ್ಲವೇ 14ರಿಂದ 16 ಗಂಟೆ ಉರಿಯುವ ಎಲ್‌ಇಡಿ ದೀಪ ಬೇಕು. ನೆರಳಿನಲ್ಲಿದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ವಾರ ಹತ್ತು ದಿನಗಳಲ್ಲಿ ಹಂತ ಹಂತವಾಗಿ ರೂಢಿಮಾಡಬೇಕು.

ಕೀಟಗಳನ್ನು ನಾವೇ ತಿನ್ನಿಸಬೇಕೇ?

ಗಿಡ ತೆರೆದ ಜಾಗದಲ್ಲಿದ್ದರೆ ಬೇಕಿಲ್ಲ. ಒಳಾಂಗಣದಲ್ಲಿದ್ದರೆ ಎರಡು ಮೂರು ವಾರಗಳಿಗೊಮ್ಮೆ ಒಂದೆರಡು ಎಲೆಗಳ ಮೇಲೆ ಸಣ್ಣ ಸೊಳ್ಳೆಯನ್ನೋ, ನೆನೆಸಿದ ಒಣ ರಕ್ತಹುಳುವಿನ (ಸಾಕುಮೀನಿನ ಆಹಾರವಾಗಿ ಮಾರುವ ಕೆಂಪು ಮರಿಹುಳು) ಚೂರನ್ನೋ ಇಟ್ಟರೆ ಬೆಳವಣಿಗೆಯಲ್ಲಿ ಸ್ಪಷ್ಟವಾದ ವ್ಯತ್ಯಾಸ ಕಾಣುತ್ತದೆ. ಇದನ್ನು ಪ್ರಯೋಗದಿಂದ ತೋರಿಸಿದವರು ಚಾರ್ಲ್ಸ್ ಡಾರ್ವಿನ್ನರ ಮಗ ಫ್ರಾನ್ಸಿಸ್ ಡಾರ್ವಿನ್. ಹುರಿದ ಮಾಂಸದ ಸಣ್ಣ ಚೂರುಗಳನ್ನು ಉಂಡ ಡ್ರಾಸೆರಾ ರೊಟಂಡಿಫೋಲಿಯಾ ಗಿಡಗಳು ಉಪವಾಸವಿದ್ದ ಗಿಡಗಳಿಗಿಂತ ಹೆಚ್ಚು ಬೀಜ ಕಟ್ಟಿದ್ದನ್ನು ಅವರು 1878ರಲ್ಲಿ ಪ್ರಕಟಿಸಿದರು. ಹಾಗೆಂದು ಮನೆಯಲ್ಲಿ ಮಾಂಸ ಇಡಬಾರದು. ಅದು ಕೊಳೆತು ಬೂಷ್ಟು ಹಿಡಿಯುತ್ತದೆ. ಬೇಟೆಯ ಗಾತ್ರ ಎಲೆಗೆ ತಕ್ಕಂತಿರಲಿ. ದೊಡ್ಡ ಕೀಟವನ್ನು ಹಿಡಿದ ಎಲೆ ಕಪ್ಪಾಗಿ ಸಾಯುವುದುಂಟು.

ಎಲೆಗಳ ಹನಿ ಮಾಯವಾಗಿದೆ. ಗಿಡ ಸಾಯುತ್ತಿದೆಯೇ?

ಬಹುಮಟ್ಟಿಗೆ ಇಲ್ಲ. ಕುಂಡ ಬದಲಿಸಿದ ಮೇಲೆ, ದೂರ ಸಾಗಿಸಿದ ಮೇಲೆ, ಜೋರು ಮಳೆ ಬಿದ್ದ ಮೇಲೆ ಹನಿಗಳು ಇಲ್ಲವಾಗುವುದು ಸಹಜ. ಹಳೆಯ ಎಲೆಗಳತ್ತ ನೋಡುತ್ತ ಕೂರದೆ, ಎರಡು ವಾರ ಕಾದು, ಹೊಸದಾಗಿ ಬಿಚ್ಚಿಕೊಳ್ಳುವ ಎಲೆಯಲ್ಲಿ ಹನಿ ಇದೆಯೇ ಎಂದು ನೋಡಬೇಕು. ಹೊಸ ಎಲೆಯಲ್ಲೂ ಇಲ್ಲದಿದ್ದರೆ ಬೆಳಕು ಸಾಲದೆಂದು ಮೊದಲು ಶಂಕಿಸಿ, ಆಮೇಲೆ ಗಾಳಿಯ ತೇವಾಂಶವನ್ನು ಪರಿಶೀಲಿಸಿ. ಎಲೆಗಳಿಗೆ ನೀರು ಚಿಮುಕಿಸುವುದರಿಂದ ಉಪಯೋಗವಿಲ್ಲ, ಇದ್ದ ಲೋಳೆಯೂ ತೊಳೆದುಹೋಗುತ್ತದೆ. ಮಳೆಹನಿ ಬಿದ್ದಾಗ ರೋಮಗಳು ಬಾಗುವುದಿಲ್ಲ ಎಂಬುದನ್ನು ಚಾರ್ಲ್ಸ್ ಡಾರ್ವಿನ್ 1875ರಲ್ಲಿಯೇ ದಾಖಲಿಸಿದ್ದಾರೆ. ಅದೇ ಗ್ರಂಥಿ ಒಂದು ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ತೂಗುವ ತಲೆಗೂದಲಿನ ಚೂರಿಗೆ ಸ್ಪಂದಿಸಿದ್ದನ್ನೂ ಅವರು ಕಂಡಿದ್ದರು. ಬೇಡದ್ದನ್ನು ಕಡೆಗಣಿಸಿ ಬೇಕಾದದ್ದನ್ನು ಗುರುತಿಸುವ ಈ ಸೂಕ್ಷ್ಮತೆಯನ್ನು ನೆನೆದಾಗಲೆಲ್ಲ ನನಗೆ ಈ ಗಿಡದ ಮೇಲಿನ ಗೌರವ ಹೆಚ್ಚುತ್ತದೆ.

ನನ್ನ ಗಿಡದಲ್ಲಿ ಏನೋ ವಿಚಿತ್ರವಾಗಿ ಬೆಳೆದಿದೆ. ಅದು ರೂಪಾಂತರವೇ, ರೋಗವೇ, ಸಹಜವೇ ಎಂದು ತಿಳಿಯುವುದು ಹೇಗೆ?

ಮೊದಲು ಕಾಯಬೇಕು, ಮತ್ತು ಕಾಯುವಾಗ ನೋಡುತ್ತಿರಬೇಕು. ವಿಚಿತ್ರವಾಗಿ ಕಂಡ ಒಂದು ಎಲೆಯಿಂದ ಏನನ್ನೂ ತೀರ್ಮಾನಿಸಲಾಗದು. ಅದರ ನಂತರ ಬರುವ ಮೂರು ನಾಲ್ಕು ಎಲೆಗಳೇ ಉತ್ತರ ಹೇಳುತ್ತವೆ. ಒಂದು ಎಲೆ ಮಾತ್ರ ಸೊಟ್ಟಗಾಗಿ ಮುಂದಿನವು ಸರಿಯಾಗಿ ಬಂದರೆ ಸುಳಿಯಲ್ಲಿರುವಾಗ ಆ ಎಲೆಗೆ ಪೆಟ್ಟಾಗಿತ್ತೆಂದು ಅರ್ಥ. ಒಂದರ ನಂತರ ಒಂದು ಎಲೆ ಹೆಚ್ಚು ಹೆಚ್ಚು ಮುದುಡುತ್ತ, ಚಿಕ್ಕದಾಗುತ್ತ ಬಂದರೆ ಕೀಟಬಾಧೆಯನ್ನೋ ಲವಣದ ಶೇಖರಣೆಯನ್ನೋ ಶಂಕಿಸಬೇಕು. ಗಿಡ ಎಲ್ಲ ರೀತಿಯಿಂದಲೂ ಆರೋಗ್ಯವಾಗಿದ್ದು, ಹನಿ ತುಂಬಿಕೊಂಡು, ಅದೇ ವಿಚಿತ್ರ ರೂಪವನ್ನು ತಿಂಗಳುಗಟ್ಟಲೆ ಮರುಕಳಿಸುತ್ತಿದ್ದರೆ ಆಗ ಮಾತ್ರ ಅದನ್ನು ಗಿಡದ ಒಳಗಿನಿಂದಲೇ ಬಂದ ಬದಲಾವಣೆ ಎಂದು ಪರಿಗಣಿಸಬಹುದು.

ಒಂದು ಉದಾಹರಣೆ ಕೊಡುತ್ತೇನೆ. ನನ್ನಲ್ಲಿದ್ದ ಒಂದು ಕಾಪೆನ್ಸಿಸ್ ಗಿಡದಲ್ಲಿ ಹಾವಿನ ನಾಲಗೆಯಂತೆ ತುದಿ ಸೀಳಿದ ಎಲೆಯೊಂದು ಬಂದಿತು. ಎರಡೂ ತುದಿಗಳಲ್ಲಿ ರೋಮಗಳು, ರೋಮಗಳ ಮೇಲೆ ಹನಿಗಳು, ಎಲ್ಲವೂ ಅಚ್ಚುಕಟ್ಟಾಗಿದ್ದವು. ಅಪರೂಪದ ಗಿಡವೊಂದು ಸಿಕ್ಕಿತೆಂದು ನಾನು ಸಂತೋಷಪಟ್ಟೆ. ಮುಂದಿನ ಎಲೆ ಸೀಳಿರಲಿಲ್ಲ, ಆದರೆ ಬುಡದಲ್ಲಿ ತಿರುಚಿಕೊಂಡಿತ್ತು. ಅದರ ಮುಂದಿನದು ಸುರುಳಿ ಬಿಚ್ಚಲೇ ಇಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಸುಳಿಯನ್ನು ನೋಡಿದಾಗ ಎಳೆಯ ರೋಮಗಳ ನಡುವೆ ಬಿಳಿಯ ಪೊರೆಯ ಚೂರುಗಳು ಕಂಡವು. ಅವು ಗಿಡಹೇನುಗಳು ಕಳಚಿದ ಪೊರೆ. ಹೇನುಗಳು ಇನ್ನೂ ಕೆಳಗೆ, ಎಲೆಯ ಬಣ್ಣವನ್ನೇ ಹೊತ್ತು ಕುಳಿತಿದ್ದವು. ಮೊದಲ ಎಲೆಯನ್ನು ಕಂಡ ದಿನವೇ ಸುಳಿಯನ್ನು ನೋಡಿದ್ದರೆ ಆ ಗಿಡ ಒಂದೂವರೆ ತಿಂಗಳು ನರಳಬೇಕಿರಲಿಲ್ಲ. ಅಂದಿನಿಂದ ಅಸಹಜ ಎನಿಸಿದ್ದೇನು ಕಂಡರೂ ನಾನು ಮೊದಲು ಸುಳಿಗೆ ಭೂತಗನ್ನಡಿ ಹಿಡಿಯುತ್ತೇನೆ.

ಅಂಟುಲೋಳೆ ಇರುವ ಗಿಡಕ್ಕೆ ಹೇನು ಹೇಗೆ ಬರುತ್ತದೆ? ಪರಿಹಾರವೇನು?

ಇನ್ನೂ ಬಿಚ್ಚಿಕೊಳ್ಳದ ಎಳೆ ಎಲೆಯಲ್ಲಿ, ಎಲೆಯ ತೊಟ್ಟಿನಲ್ಲಿ ಮತ್ತು ಹೂದಂಟಿನಲ್ಲಿ ಲೋಳೆ ಅಷ್ಟಾಗಿ ಇರುವುದಿಲ್ಲ. ಹೇನು, ಥ್ರಿಪ್ಸ್ ಎಂಬ ಕಿರುಕೀಟಗಳು, ನುಸಿಗಳು ಅಲ್ಲಿಯೇ ನೆಲೆಸಿ ರಸ ಹೀರುತ್ತವೆ. ಆ ಗಾಯದ ಗುರುತು ಎಲೆ ಬೆಳೆದಾಗ ತಿರುಚು ಮುರುಚಾಗಿ ಕಾಣಿಸುತ್ತದೆ. ಹೇನುಗಳಿಗೆ ಔಷಧವಿಲ್ಲದ ಉಪಾಯವೊಂದಿದೆ: ಇಡೀ ಕುಂಡವನ್ನು ಶುದ್ಧ ನೀರಿನಲ್ಲಿ ಒಂದೆರಡು ದಿನ ಪೂರ್ತಿ ಮುಳುಗಿಸಿಟ್ಟರೆ ಹೇನುಗಳು ಉಸಿರುಕಟ್ಟಿ ಸಾಯುತ್ತವೆ, ಗಿಡ ತಾಳಿಕೊಳ್ಳುತ್ತದೆ. ವಾರದ ನಂತರ ಮತ್ತೆ ಪರೀಕ್ಷಿಸಬೇಕು. ಸಾಬೂನಿನ ದ್ರಾವಣಗಳು ಎಲೆಯನ್ನು ಕೆಡಿಸುವುದರಿಂದ ಸನ್‌ಡ್ಯೂಗಳಿಗೆ ಬೇಡ.

ಅಸಹಜವೆಂದು ಕಂಡರೂ ವಾಸ್ತವದಲ್ಲಿ ಸಹಜವಾದ ಬೆಳವಣಿಗೆಗಳು ಯಾವುವು?

ಬಹಳಷ್ಟಿವೆ. ಎಲೆಗಳು ಜರೀಗಿಡದ ಎಲೆಯಂತೆ ಸುರುಳಿ ಸುತ್ತಿಕೊಂಡು ಹುಟ್ಟುವುದು ಡ್ರಾಸೆರಾದ ಸ್ವಭಾವ. ಹೂದಂಟು ತುದಿ ಬಾಗಿಸಿಕೊಂಡು ಏಳುತ್ತದೆ. ಬುಡದ ಕಡೆಯ ಮೊಗ್ಗಿನಿಂದ ಆರಂಭಿಸಿ ದಿನಕ್ಕೊಂದು ಎಂಬಂತೆ ಹೂ ಅರಳುತ್ತ ಹೋದ ಹಾಗೆ ನೆಟ್ಟಗಾಗುತ್ತದೆ. ಹೂಬಿಟ್ಟ ನಂತರ ಕಾಪೆನ್ಸಿಸ್ ಗಿಡದ ಸುಳಿ ಎರಡಾಗುವುದು, ಬೇರಿನಿಂದ ಪಕ್ಕದಲ್ಲಿ ಮರಿ ಏಳುವುದು ಕೂಡ ಸಾಮಾನ್ಯವೇ. ಕಾಪೆನ್ಸಿಸ್‌ನಲ್ಲಿ ಕವಲೊಡೆದ ಎಲೆ ಅಪರೂಪ, ಆದರೆ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಡ್ರಾಸೆರಾ ಬೈನೇಟಾದಲ್ಲಿ ಎಲೆ ಕವಲೊಡೆಯುವುದೇ ನಿಯಮ. ಅದರ ಕೆಲವು ಬಗೆಗಳಲ್ಲಿ ಕವಲು ಮತ್ತೆ ಮತ್ತೆ ಕವಲೊಡೆದು ಒಂದೇ ಎಲೆಗೆ ಹತ್ತಾರು ತುದಿಗಳಿರುತ್ತವೆ. ಆದ್ದರಿಂದ ಪ್ರಭೇದದ ಹೆಸರು ತಿಳಿಯದೆ ಯಾವುದನ್ನೂ ವಿಚಿತ್ರವೆನ್ನಬಾರದು.

ಹೊಸಬರನ್ನು ಅತಿ ಹೆಚ್ಚು ಕಳವಳಗೊಳಿಸುವುದು ಎರಡು ಸಂಗತಿಗಳು. ಶೀತವಲಯದ ಡ್ರಾಸೆರಾ ರೊಟಂಡಿಫೋಲಿಯಾ, ಡ್ರಾಸೆರಾ ಫಿಲಿಫಾರ್ಮಿಸ್ ಮೊದಲಾದವು ಚಳಿಗಾಲಕ್ಕೆ ಮುನ್ನ ಎಲೆಗಳನ್ನೆಲ್ಲ ಕಳೆದುಕೊಂಡು, ಬಿಗಿಯಾಗಿ ಮುಚ್ಚಿದ ಒಂದು ಹಸಿರು ಮೊಗ್ಗಾಗಿ ಮಾತ್ರ ಉಳಿಯುತ್ತವೆ. ಸತ್ತಿತೆಂದು ತಿಳಿದು ಈ ಸ್ಥಿತಿಯಲ್ಲಿ ಎಸೆದ ಗಿಡಗಳು ಎಷ್ಟೋ. ಇನ್ನೊಂದು, ಪಶ್ಚಿಮ ಆಸ್ಟ್ರೇಲಿಯದ ಕುಬ್ಜ ಸನ್‌ಡ್ಯೂಗಳದ್ದು. ನಾಣ್ಯದಷ್ಟೇ ಅಗಲದ ಈ ಗಿಡಗಳ ನಡುವೆ, ದಿನ ಚಿಕ್ಕದಾಗಿ ಚಳಿ ಆರಂಭವಾಗುವಾಗ, ಪುಟ್ಟ ಹಸಿರು ಬಿಲ್ಲೆಗಳು ಒತ್ತೊತ್ತಾಗಿ ಮೂಡುತ್ತವೆ. ಕೀಟದ ಮೊಟ್ಟೆಯೆಂದು ಹೆದರಿ ಕೆದಕಿ ತೆಗೆಯುವವರಿದ್ದಾರೆ. ಅವು ಜೆಮ್ಮೆಗಳು, ಅಂದರೆ ಮಳೆಹನಿಯ ಹೊಡೆತಕ್ಕೆ ಸಿಡಿದು ದೂರ ಬಿದ್ದು ಬೇರೂರುವ ಮರಿಗಳು. ಅವನ್ನು ಬಿಡಿಸಿ, ಒಣಗಲು ಬಿಡದೆ ಅಂದೇ ತೇವವಾದ ಪೀಟ್ ಮೇಲಿಟ್ಟರೆ ಕೆಲವೇ ದಿನಗಳಲ್ಲಿ ಬೇರು ಬಿಡುತ್ತವೆ.

ಹೂವಿರಬೇಕಾದ ಜಾಗದಲ್ಲಿ ಪುಟ್ಟ ಗಿಡಗಳು ಬೆಳೆದಿವೆ. ಇದೇನು?

ಇದು ನಿಜವಾಗಿಯೂ ಸೊಗಸಾದ ಅಸಹಜತೆ. ಇದನ್ನು ಹುಸಿ ಜರಾಯುಜತೆ ಎನ್ನಬಹುದು. ಬೀಜವೇ ತಾಯಿಗಿಡದ ಮೇಲೆ ಮೊಳೆತರೆ ಅದು ನಿಜವಾದ ಜರಾಯುಜತೆ. ಇಲ್ಲಿ ಬೀಜದ ಪಾತ್ರವೇ ಇಲ್ಲ. ಹೂವಿನ ಅಂಗಾಂಶ ಹೂವಾಗುವುದನ್ನು ಬಿಟ್ಟು ಎಲೆಗಳನ್ನು ಕಟ್ಟಲು ತೊಡಗುತ್ತದೆ. ಡ್ರಾಸೆರಾ ಇಂಟರ್ಮೀಡಿಯಾದಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಬಲೆಯಂಥ ಎಲೆ ಮುಚ್ಚಿ ಕೀಟ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡದ ಹೂದಂಟಿನಲ್ಲಿಯೂ ಆಗಾಗ ಸಂಭವಿಸುತ್ತದೆ.

ನಾನು ಇದನ್ನು ಮೊದಲು ಕಂಡಾಗ, ಬೀಜಕೋಶ ಹಣ್ಣಾಗಿದೆಯೇ ನೋಡೋಣವೆಂದು ಇಂಟರ್ಮೀಡಿಯಾದ ಹೂದಂಟನ್ನು ಬೆಳಕಿಗೆ ಹಿಡಿದಿದ್ದೆ. ಪುಷ್ಪಪತ್ರಗಳ ನಡುವೆ ಸಾಸಿವೆ ಕಾಳಿನಷ್ಟು ದೊಡ್ಡ ಹಸಿರು ಗಂಟೊಂದಿತ್ತು. ಗಂಟಿನಿಂದ ನಾಲ್ಕು ಎಲೆಗಳು ಹೊರಟಿದ್ದವು, ಪ್ರತಿ ಎಲೆಯಲ್ಲಿ ಐದೋ ಆರೋ ರೋಮಗಳಿದ್ದವು, ಅಷ್ಟು ಪುಟ್ಟ ರೋಮದ ತುದಿಯಲ್ಲಿಯೂ ಹನಿಯಿತ್ತು. ದಂಟನ್ನು ಕತ್ತರಿಸದೆ ಬಾಗಿಸಿ, ಆ ಗಂಟು ತೇವವಾದ ಪಾಚಿಗೆ ತಾಗುವಂತೆ ಕಡ್ಡಿಯೊಂದರಿಂದ ಹಿಡಿದು ನಿಲ್ಲಿಸಿದೆ. ಮೂರು ವಾರ ಕಳೆಯುವಷ್ಟರಲ್ಲಿ ಕಪ್ಪು ನೂಲಿನಂಥ ಬೇರು ಕೆಳಗಿಳಿದಿತ್ತು. ನಿಮ್ಮ ಗಿಡದಲ್ಲಿ ಹೀಗಾದರೆ ಅದೇ ಕ್ರಮವನ್ನು ಅನುಸರಿಸಬಹುದು. ಹೀಗೆ ಬಂದ ಮರಿ ತಾಯಿಯ ಯಥಾಪ್ರತಿ. ಅದು ಹೊಸ ತಳಿಯಲ್ಲ.

ದಂಟು ಚಪ್ಪಟೆಯಾಗಿ, ಸುಳಿ ಗೆರೆಯಂತೆ ಅಗಲವಾಗಿದೆ. ಇದು ರೋಗವೇ?

ಕೋಳಿಜುಟ್ಟಿನ ಹೂವನ್ನು ನೋಡಿದವರಿಗೆ ಇದರ ವಿವರಣೆ ಸುಲಭ. ಗಿಡದ ತುದಿಯಲ್ಲಿರುವ ವರ್ಧನ ಅಂಗಾಂಶ ಸಾಮಾನ್ಯವಾಗಿ ಒಂದು ಬಿಂದುವಿನಂತೆ ಇರುತ್ತದೆ. ಅದು ಬಿಂದುವಾಗಿ ಉಳಿಯದೆ ಒಂದು ಗೆರೆಯಾಗಿ ಹಿಗ್ಗಿದರೆ ಅದರಿಂದ ಬೆಳೆಯುವ ದಂಟು ದುಂಡಗಾಗುವ ಬದಲು ಪಟ್ಟಿಯಾಗುತ್ತದೆ, ಎಲೆಗಳು ಚಕ್ರದಂತೆ ಜೋಡಣೆಯಾಗುವ ಬದಲು ಸಾಲುಗಟ್ಟುತ್ತವೆ. ಇದಕ್ಕೆ ಫ್ಯಾಸಿಯೇಷನ್ ಎಂದು ಹೆಸರು. ಸುಳಿಗೆ ಆದ ಗಾಯ, ಸಸ್ಯ ಹಾರ್ಮೋನುಗಳ ಏರುಪೇರು, ವಂಶವಾಹಿಯಲ್ಲಿನ ಬದಲಾವಣೆ ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ರೊಡೊಕಾಕಸ್ ಫ್ಯಾಸಿಯನ್ಸ್ ಎಂಬ ಬ್ಯಾಕ್ಟೀರಿಯವೂ ಹಲವು ಜಾತಿಯ ಗಿಡಗಳಲ್ಲಿ ಇಂಥ ವಿಕೃತಿಯನ್ನು ಉಂಟುಮಾಡುತ್ತದೆ. ಬ್ಯಾಕ್ಟೀರಿಯದ ಸಾಧ್ಯತೆ ಇರುವುದರಿಂದ ಅಂಥ ಗಿಡವನ್ನು ಉಳಿದವುಗಳಿಂದ ದೂರವಿಟ್ಟು, ಪ್ರತ್ಯೇಕ ತಟ್ಟೆ ಮತ್ತು ಕತ್ತರಿ ಬಳಸುವುದು ವಿವೇಕ. ಎಷ್ಟೋ ಸಲ ಒಂದೆರಡು ಋತುಗಳಲ್ಲಿ ಆ ಗೆರೆ ತುಂಡಾಗಿ ಹಲವು ಸಾಧಾರಣ ಸುಳಿಗಳಾಗುತ್ತದೆ, ಮತ್ತು ಒಂದು ಗಿಡವಿದ್ದ ಕುಂಡದಲ್ಲಿ ನಾಲ್ಕೈದು ಗಿಡಗಳು ಉಳಿಯುತ್ತವೆ.

ಇತರ ಕೀಟಾಹಾರಿ ಸಸ್ಯಗಳಲ್ಲಿ ಏನನ್ನು ಗಮನಿಸಬೇಕು?

ವೀನಸ್ ಫ್ಲೈಟ್ರ್ಯಾಪ್ ಋತುವಿಗೆ ತಕ್ಕಂತೆ ಎಲೆಯ ರೂಪ ಬದಲಿಸುತ್ತದೆ. ತಂಪಿನಲ್ಲಿ ನೆಲಕ್ಕೊರಗಿದ ಅಗಲ ತೊಟ್ಟುಗಳು, ಬೇಸಿಗೆಯಲ್ಲಿ ನೆಟ್ಟಗೆ ನಿಂತ ಕಿರಿದಾದ ತೊಟ್ಟುಗಳು ಒಂದೇ ಗಿಡದಲ್ಲಿ ಬರಬಹುದು. ಬಲೆಯ ಅಂಚಿನ ಹಲ್ಲುಗಳು ಒಂದಕ್ಕೊಂದು ಕೂಡಿಕೊಂಡಿರುವ ಫ್ಯೂಸ್ಡ್ ಟೂತ್‌ನಂಥ ಬಗೆಗಳನ್ನು ಹವ್ಯಾಸಿಗಳು ಉಳಿಸಿ ಬೆಳೆಸಿದ್ದಾರೆ. ಹೂಜಿಯಂಥ ಎಲೆಗಳಲ್ಲಿ ಕೀಟ ಹಿಡಿಯುವ ಸರಸೀನಿಯಾದಲ್ಲಿ ಹೂಜಿಯೇ ಇಲ್ಲದ ಚಪ್ಪಟೆ ಎಲೆಗಳು ಬಂದರೆ ಗಾಬರಿ ಬೇಡ, ಕೆಲವು ಪ್ರಭೇದಗಳಿಗೆ ಅದು ಋತುಧರ್ಮ. ಹೂಜಿಗಳು ಗೀರುಗೀರಾಗಿ ಸೊಟ್ಟಗೆ ಬಂದರೆ ಮಾತ್ರ ಥ್ರಿಪ್ಸ್ ಹುಡುಕಬೇಕು. ಇನ್ನೊಂದು ಬಗೆಯ ಹೂಜಿಗಿಡವಾದ ನೆಪೆಂಥಿಸ್‌ನಲ್ಲಿ ಎಲೆಯ ತುದಿಯ ಬಳ್ಳಿ ಹೂಜಿಯಾಗದೆ ಒಣಗಿದರೆ ಬೆಳಕು ಮತ್ತು ತೇವಾಂಶ ಎರಡನ್ನೂ ಪರೀಕ್ಷಿಸಬೇಕು.

ಗಮನಿಸಿದ್ದನ್ನು ಹೇಗೆ ದಾಖಲಿಸಬೇಕು?

ವಾರಕ್ಕೊಮ್ಮೆ, ಒಂದೇ ಕೋನದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ವಿಚಿತ್ರ ಎಲೆ ಕಾಣಿಸಿದ ದಿನ ಅದರ ತೊಟ್ಟಿಗೆ ಬಣ್ಣದ ನೂಲನ್ನು ಸಡಿಲವಾಗಿ ಕಟ್ಟಿದರೆ ಮುಂದಿನ ಎಲೆಗಳನ್ನು ಎಣಿಸುವುದು ಸುಲಭ. ದಿನಾಂಕದ ಜೊತೆಗೆ ಆ ತಿಂಗಳಲ್ಲಿ ನೀರು, ಜಾಗ, ದೀಪ, ಆಹಾರ ಯಾವುದಾದರೂ ಬದಲಾಗಿತ್ತೇ ಎಂಬುದನ್ನು ಬರೆಯಿರಿ. ಎಲೆ ಸುಳಿಯಲ್ಲಿ ರೂಪುಗೊಂಡದ್ದು ನಮಗೆ ಕಾಣಿಸುವುದಕ್ಕಿಂತ ವಾರಗಳ ಮುಂಚೆ ಆದ್ದರಿಂದ ಕಾರಣವನ್ನೂ ಅಷ್ಟೇ ಹಿಂದೆ ಹುಡುಕಬೇಕಾಗುತ್ತದೆ.

ಅಸಹಜ ರೂಪವನ್ನು ಉಳಿಸಿ ವೃದ್ಧಿಸಲು ಸಾಧ್ಯವೇ?

ಬೀಜದಿಂದ ಅದು ಮುಂದುವರಿಯುವ ಭರವಸೆ ಇಲ್ಲ, ಎಲೆಯಿಂದ ಪ್ರಯತ್ನಿಸಬಹುದು. ಅಸಹಜತೆ ತೋರಿದ ಭಾಗದಿಂದಲೇ ಆರೋಗ್ಯವಾದ ಎಲೆಯೊಂದನ್ನು ಬುಡಸಮೇತ ಬಿಡಿಸಿ, ಬಟ್ಟಿ ಇಳಿಸಿದ ನೀರಿರುವ ಮುಚ್ಚಳದ ಡಬ್ಬಿಯಲ್ಲಿ ತೇಲಿಬಿಟ್ಟು, ನೇರ ಬಿಸಿಲು ತಾಗದ ಬೆಳಕಿನಲ್ಲಿಡಬೇಕು. ಮೂರರಿಂದ ಎಂಟು ವಾರಗಳಲ್ಲಿ ಎಲೆಯ ಮೇಲೆಯೇ ಮರಿಗಳು ಹುಟ್ಟುತ್ತವೆ. ಅವು ಬೇರು ಬಿಟ್ಟ ಮೇಲೆ ಪೀಟ್‌ಗೆ ವರ್ಗಾಯಿಸಬಹುದು. ಬೈನೇಟಾ ಮತ್ತು ಅಡೇಲೇ ಪ್ರಭೇದಗಳಲ್ಲಿ ದಪ್ಪ ಬೇರಿನ ತುಂಡುಗಳೂ ಚಿಗುರುತ್ತವೆ. ಹುಟ್ಟಿದ ಮರಿಗಳೆಲ್ಲ ಸಾಧಾರಣ ರೂಪದವೇ ಆದರೆ ಮೂಲ ಗಿಡದ ವಿಚಿತ್ರಕ್ಕೆ ಹೊರಗಿನ ಕಾರಣವಿತ್ತೆಂದೋ, ಬದಲಾವಣೆ ಆ ಸುಳಿಯ ಕೆಲವು ಜೀವಕೋಶಗಳಿಗಷ್ಟೇ ಸೀಮಿತವಾಗಿತ್ತೆಂದೋ ತಿಳಿಯಬೇಕು. ಒಂದೆರಡು ಮರಿಗಳಲ್ಲಾದರೂ ಅದೇ ರೂಪ ಮರುಕಳಿಸಿದರೆ ಅವನ್ನು ಬೇರೆ ಬೇರೆ ಕುಂಡಗಳಲ್ಲಿ ನೆಟ್ಟು, ಅವು ಒಮ್ಮೆ ಹೂಬಿಟ್ಟು ಮುಗಿಯುವವರೆಗೂ ಹೆಸರಿಡದೆ, ಯಾರಿಗೂ ಕೊಡದೆ ಇಟ್ಟುಕೊಳ್ಳಿ.